ಲಿಂಡ್‌ಗ್ರೆನ್, ಆಸ್ಟ್ರಿಡ್

ಲಿಂಡ್‌ಗ್ರೆನ್, ಆಸ್ಟ್ರಿಡ್ (1907-2002): ಸ್ವೀಡನ್ನಿನ ಮಕ್ಕಳ ಸಾಹಿತಿ, ಪ್ರಕಾಶನ ಸಂಸ್ಥೆಯ ಸಂಪಾದಕಿ. ಪಿಪ್ಪಿ ಲೋಂಗ್‌ಸ್ಟ್ರುಂಪ್ ಎಂಬ ಕೆಂಗೂದಲ ಹುಡುಗಿಯನ್ನು ಸೃಷ್ಟಿಸಿದವರು. ಇವರ ಕೃತಿಗಳು ನೂರಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದವಾಗಿವೆ. 1907ರ ನವೆಂಬರ್ 14ರಂದು ಸ್ಮೋಲಂಡ್ ಪ್ರಾಂತದ ವಿಮ್ಮರ್‌ಬಿ ಪಟ್ಟಣದ ಪಕ್ಕದ ನೇಸ್ ಎಂಬ ಗೇಣಿ ಜಮೀನಿನ ಮನೆಯಲ್ಲಿ ಜನಿಸಿದರು. ತಂದೆ ಸ್ಯಾಮ್ಯುಯೆಲ್ ಆಗಸ್ಟ್ ಎರಿಕ್ಸನ್, ತಾಯಿ ಹಾನ್ನಾ. ನಾಲ್ವರು ಮಕ್ಕಳಲ್ಲಿ ಇವರು ಎರಡನೆಯವರು.

ಆಸ್ಟ್ರಿಡ್‌ಗೆ ಕಥೆ ಮೊದಲು ದಕ್ಕಿದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಇನ್ನೂ ಅಕ್ಷರ ಬಾರದ ವಯಸ್ಸು. ನೇಸ್‌ನ ದನಗಳನ್ನು ನೋಡಿಕೊಳ್ಳುತ್ತಿದ್ದವನ ಹೆಂಡತಿ ಕ್ರಿಸ್ಟೀನಳ ಅಡುಗೆಮನೆಯಲ್ಲಿ, ಅವಳ ಮಗಳು ಎಡಿತ್ ಪುಸ್ತಕವೊಂದನ್ನು ಗಟ್ಟಿಯಾಗಿ ಓದಿ ಹೇಳಿದಳು. ಬಾಮ್-ಬಾಮ್ ಎಂಬ ದೈತ್ಯ, ವಿರಿಬುಂಡಾ ಎಂಬ ಯಕ್ಷಿಣಿ. ಆ ಬಡ ಅಡುಗೆಮನೆಯಲ್ಲಿ ತಮ್ಮ ಜೀವ ನಡುಗಿದ ಬಗೆಯನ್ನು ಲಿಂಡ್‌ಗ್ರೆನ್ ಮುಪ್ಪಿನವರೆಗೂ ನೆನೆಯುತ್ತಿದ್ದರು. ಮನೆಯಲ್ಲಿ ತಂದೆಯೂ ಒಳ್ಳೆಯ ಕಥೆಗಾರ. ತನ್ನ ಬಾಲ್ಯದ ಹಳ್ಳಿಯ ಚೇಷ್ಟೆಗಳು, ಸಂತೆ, ಕುದುರೆ ವ್ಯಾಪಾರ ಎಲ್ಲವನ್ನೂ ಹೇಳುತ್ತಿದ್ದ. ಐವತ್ತು ವರ್ಷಗಳ ನಂತರ ಮಗಳು ಬರೆದ 'ಎಮಿಲ್' ಪುಸ್ತಕಗಳಿಗೆ ಅವೇ ಬಂಡವಾಳವಾದವು.

ಸ್ವಂತ ಪುಸ್ತಕ ಕೈಗೆ ಬಂದದ್ದು ಶಾಲೆಗೆ ಹೋದ ಮೇಲೆ. ಕ್ರಿಸ್‌ಮಸ್ ಹೊತ್ತಿಗೆ ಶಾಲೆಯ ಮೂಲಕ ಮಕ್ಕಳು ಪುಸ್ತಕ ತರಿಸಿಕೊಳ್ಳಬಹುದಿತ್ತು. ಹಾಗೆ ಬಂದದ್ದು 'ಸ್ನೋ ವೈಟ್'. ಹೊಸ ಪುಸ್ತಕವನ್ನು ಓದುವ ಮೊದಲು ಮೂಗಿಗೆ ಹಿಡಿದು ಅಚ್ಚಿನ ವಾಸನೆ ಎಳೆದುಕೊಳ್ಳುವುದು ಆಗ ಅಂಟಿದ ಅಭ್ಯಾಸ. ಮುಂದೆ ಸಿಕ್ಕಿದ್ದನ್ನೆಲ್ಲ ಕಬಳಿಸುವ ಕಾಲ ಬಂತು: 'ರಾಬಿನ್‌ಸನ್ ಕ್ರೂಸೋ', 'ಟ್ರೆಷರ್ ಐಲೆಂಡ್', 'ಹಕಲ್‌ಬೆರಿ ಫಿನ್'. ಎಲ್ಲಕ್ಕಿಂತ ಆಳಕ್ಕಿಳಿದದ್ದು ಎಲ್. ಎಂ. ಮಾಂಟ್‌ಗೊಮೆರಿಯ 'ಆ್ಯನ್ ಆಫ್ ಗ್ರೀನ್ ಗೇಬಲ್ಸ್'. ಅಕ್ಕತಂಗಿಯರು ಓದಿ ಸುಮ್ಮನಿರದೆ ಅದನ್ನು ಆಡಿದರು. ಕೆಂಗೂದಲು, ತಡೆಯಿಲ್ಲದ ಮಾತು, ದೊಡ್ಡವರ ಲೆಕ್ಕಕ್ಕೆ ಸಿಗದ ಕಲ್ಪನೆ ಇರುವ ಅನಾಥ ಹುಡುಗಿ ಆ್ಯನ್. ಪಿಪ್ಪಿಯ ಬೇರು ಇಲ್ಲೂ ಇದೆ ಎಂದರೆ ತಪ್ಪಾಗದು.

ಹದಿಮೂರರ ವಯಸ್ಸಿನಲ್ಲಿ ಬರೆದ ಶಾಲಾ ಪ್ರಬಂಧವೊಂದು 1921ರಲ್ಲಿ 'ವಿಮ್ಮರ್‌ಬಿ ಟೀಡ್ನಿಂಗ್' ಪತ್ರಿಕೆಯಲ್ಲಿ ಅಚ್ಚಾಯಿತು. ನೊಬೆಲ್ ಪಡೆದ ಲೇಖಕಿಯ ಹೆಸರು ಹಿಡಿದು ಊರವರು ಇವಳನ್ನು ವಿಮ್ಮರ್‌ಬಿಯ ಸೆಲ್ಮಾ ಲಾಗರ್‌ಲಾಫ್ ಎಂದು ಛೇಡಿಸತೊಡಗಿದರು. ಹುಡುಗಿ ಎಷ್ಟು ಬೆದರಿದಳೆಂದರೆ, ಬೇರೇನಾದರೂ ಆಗಲಿ, ಪುಸ್ತಕ ಮಾತ್ರ ಬರೆಯುವುದಿಲ್ಲ ಎಂದು ನಿಶ್ಚಯಿಸಿದಳು. ಆ ನಿಶ್ಚಯ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ನಡುವೆ ಕೆಲವು ಸಣ್ಣ ಕಥೆಗಳನ್ನು ಪತ್ರಿಕೆಗಳಿಗೆ ಬರೆದದ್ದುಂಟು.

ಶಾಲೆ ಮುಗಿಸಿ ಅದೇ ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದಾಗ ಮದುವೆಯಾಗದೆ ಗರ್ಭಿಣಿಯಾದರು. ಚಿಕ್ಕ ಊರಿನ ಬಾಯಿಗೆ ಸಿಗಲೊಲ್ಲದೆ ಸ್ಟಾಕ್‌ಹೋಮ್‌ಗೆ ಹೊರಟರು. 1926ರ ಡಿಸೆಂಬರಿನಲ್ಲಿ ಕೋಪನ್‌ಹೇಗನ್‌ನಲ್ಲಿ ಮಗ ಲಾರ್ಸ್ ಹುಟ್ಟಿದ. ಅವನನ್ನು ಅಲ್ಲಿಯ ಸಾಕುತಾಯಿಯ ಬಳಿ ಬಿಟ್ಟು, ಸ್ಟಾಕ್‌ಹೋಮ್‌ನಲ್ಲಿ ಟೈಪಿಂಗ್, ಶೀಘ್ರಲಿಪಿ ಕಲಿತು, ಕಚೇರಿಗಳಲ್ಲಿ ದುಡಿದರು. ಕೈಯಲ್ಲಿ ಕಾಸಿಲ್ಲ. ಊರಿಂದ ಬರುವ ಬುತ್ತಿಯ ಬುಟ್ಟಿಗಾಗಿ ಕಾಯುವ ದಿನಗಳು. ಒಮ್ಮೆ ಪುಸ್ತಕದ ಆಸೆಯಿಂದ ಗ್ರಂಥಾಲಯಕ್ಕೆ ಹೋದಾಗ, ಸದಸ್ಯತ್ವದ ಅರ್ಜಿ ಇತ್ಯರ್ಥವಾಗುವ ತನಕ ಎರವಲು ಸಿಗದು ಎಂಬ ಉತ್ತರ ಬಂತು. ಅಲ್ಲೇ ಅತ್ತುಬಿಟ್ಟರು. ಅನ್ನಕ್ಕೆ ಅಳದವರು ಪುಸ್ತಕಕ್ಕೆ ಅತ್ತದ್ದು ಇವರ ಬದುಕಿನ ದೊಡ್ಡ ಸಾಕ್ಷ್ಯಗಳಲ್ಲೊಂದು. ಆ ಕಾಲದಲ್ಲೇ ಸಂತ ಯಾಕೋಬನ ಚರ್ಚಿನ ಬಳಿ, ಹೂಬಿಟ್ಟ ಮರದಡಿ ಕೂತು ಕ್ನೂಟ್ ಹಾಮ್ಸುನ್‌ನ 'ಹಸಿವು' ಓದಿದರು. ಹೊಟ್ಟೆಗಿಲ್ಲದೆ ಪಟ್ಟಣದಲ್ಲಿ ಅಲೆಯುವ ಯುವಕನ ಆ ಕಥೆ ತಮ್ಮ ಯೌವನದ ಅತಿ ದೊಡ್ಡ ಓದು ಎಂದು ಅವರು ಹೇಳಿದ್ದಾರೆ.

1931ರಲ್ಲಿ ಸ್ಟೂರೆ ಲಿಂಡ್‌ಗ್ರೆನ್ ಅವರನ್ನು ಮದುವೆಯಾದರು. 1934ರಲ್ಲಿ ಮಗಳು ಕಾರಿನ್ ಹುಟ್ಟಿದಳು. ಅಪರಾಧಶಾಸ್ತ್ರಜ್ಞ ಹ್ಯಾರಿ ಸೋಡರ್‌ಮನ್ ಅವರಿಗೆ ಸ್ಟೆನೋಗ್ರಾಫರ್ ಆಗಿ ಕೆಲಸ ಮಾಡಿದ್ದು ಮುಂದೆ ಬಾಲ ಪತ್ತೇದಾರ ಕಲ್ಲೆ ಬ್ಲೂಮ್‌ಕ್ವಿಸ್ಟ್‌ನ ಕಥೆಗಳಿಗೆ ಒದಗಿತು. 1939ರ ಸೆಪ್ಟೆಂಬರ್ 1ರಂದು ಯುದ್ಧದ ದಿನಚರಿ ಆರಂಭಿಸಿದರು. ಪತ್ರಿಕೆಯ ತುಣುಕುಗಳನ್ನು ಅಂಟಿಸಿ, ಪಕ್ಕದಲ್ಲಿ ಮನೆಯ ಸುದ್ದಿಯನ್ನೂ ಬರೆಯುತ್ತ ಯುದ್ಧ ಮುಗಿಯುವವರೆಗೆ ನಡೆಸಿದರು. 1940ರಿಂದ ಸರ್ಕಾರದ ಗುಪ್ತ ಅಂಚೆ ತಪಾಸಣೆಯಲ್ಲಿ ಕೆಲಸ. ರಾತ್ರಿಯೆಲ್ಲ ಪರರ ಕಾಗದ ಓದಿ ಯುದ್ಧದ ದುಃಖವನ್ನು ಹತ್ತಿರದಿಂದ ಕಂಡರು. ಆ ದಿನಚರಿ ಪುಸ್ತಕವಾದದ್ದು 2015ರಲ್ಲಿ. ಪಿಪ್ಪಿಯ ನಗುವಿನ ಹಿಂದೆ ಆ ಕಾಗದಗಳ ಓದು ಇದೆ ಎಂಬುದನ್ನು ಮರೆತರೆ ಪಿಪ್ಪಿಯ ಪುಸ್ತಕವನ್ನು ಅರ್ಧವೇ ಓದಿದಂತೆ. ಜಗತ್ತಿನ ಅತಿ ಬಲಶಾಲಿಯಾಗಿದ್ದೂ ಯಾರನ್ನೂ ಹಿಂಸಿಸದ ಹುಡುಗಿ ಹುಟ್ಟಿದ್ದು ಬಲದ ಮದವೇರಿದ ವರ್ಷಗಳಲ್ಲಿ.

1941ರ ಚಳಿಗಾಲದಲ್ಲಿ ಶ್ವಾಸಕೋಶದ ಉರಿಯೂತದಿಂದ ಮಲಗಿದ್ದ ಕಾರಿನ್, ಪಿಪ್ಪಿ ಲೋಂಗ್‌ಸ್ಟ್ರುಂಪ್‌ಳ ಕಥೆ ಹೇಳು ಎಂದಳು. ಹೆಸರು ಮಗಳು ಆ ಗಳಿಗೆಯಲ್ಲಿ ಕಟ್ಟಿದ್ದು. ಹೆಸರೇ ವಿಚಿತ್ರ, ಹುಡುಗಿಯೂ ವಿಚಿತ್ರಳೇ ಆದಳು. ಮೂರು ವರ್ಷ ಆ ಕಥೆ ಬಾಯಲ್ಲೇ ಇತ್ತು. 1944ರ ಮಾರ್ಚ್‌ನಲ್ಲಿ ಹೊಸ ಹಿಮದಡಿಯ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಉಳುಕಿದಾಗ, ಹಾಸಿಗೆಯಲ್ಲಿ ಕೂತು ಶೀಘ್ರಲಿಪಿಯಲ್ಲಿ ಬರೆದಿಟ್ಟರು. ಮೇ ತಿಂಗಳಲ್ಲಿ ಮಗಳ ಹತ್ತನೆಯ ಹುಟ್ಟುಹಬ್ಬಕ್ಕೆ ಕೈಯಾರೆ ಟೈಪ್ ಮಾಡಿದ ಪ್ರತಿಯೇ ಉಡುಗೊರೆ. ಇನ್ನೊಂದು ಪ್ರತಿ ಬೋನಿಯರ್ಸ್ ಪ್ರಕಾಶನಕ್ಕೆ ಹೋಗಿ ತಿರಸ್ಕೃತವಾಯಿತು. ಅದೇ ವರ್ಷ ರಾಬೆನ್ ಅಂಡ್ ಶೋಗ್ರೆನ್ ಪ್ರಕಾಶನದ ಸ್ಪರ್ಧೆಯಲ್ಲಿ ಬೇರೊಂದು ಕಾದಂಬರಿಗೆ ಎರಡನೆಯ ಬಹುಮಾನ. 1945ರಲ್ಲಿ, ತಿದ್ದಿದ ಪಿಪ್ಪಿಗೆ ಮೊದಲ ಬಹುಮಾನ. ಮಕ್ಕಳು ಮುಗಿಬಿದ್ದರು. ಮರುವರ್ಷ ವಿಮರ್ಶಕ ಯೂನ್ ಲಾಂಡ್‌ಕ್ವಿಸ್ಟ್ ಕಟುವಾಗಿ ಟೀಕಿಸಿದರು. ತಿದ್ದುವ ಮೊದಲಿನ ಹಸ್ತಪ್ರತಿಯೂ 2007ರಲ್ಲಿ ಪ್ರಕಟವಾಗಿದೆ.

1946ರಿಂದ 1970ರವರೆಗೆ ಅದೇ ಪ್ರಕಾಶನದಲ್ಲಿ ಮಕ್ಕಳ ಪುಸ್ತಕಗಳ ಸಂಪಾದಕಿಯಾಗಿದ್ದರು. ದಿನ ಎರಡು ಪಾಲಾಯಿತು. ಬೆಳಿಗ್ಗೆ ಸ್ಟಾಕ್‌ಹೋಮ್‌ನ ಡಾಲಾಗಾಟನ್ ಬೀದಿಯ 46ನೆಯ ಸಂಖ್ಯೆಯ ಮನೆಯಲ್ಲಿ, ಬಹುತೇಕ ಹಾಸಿಗೆಯಲ್ಲೇ, ಸ್ವಂತ ಬರಹ. ಮಧ್ಯಾಹ್ನ ಕಚೇರಿಯಲ್ಲಿ ಪರರ ಹಸ್ತಪ್ರತಿ. ಬೇಸಿಗೆಯಲ್ಲಿ ಫೂರುಸುಂಡ್ ದ್ವೀಪದ ಮನೆ. ಬರೆಯುವ ಕ್ರಮ ಕೊನೆಯವರೆಗೂ ಬದಲಾಗಲಿಲ್ಲ: ಸ್ಟೆನೋಗ್ರಾಫರ್ ಬಳಸುವ ಪುಟ್ಟ ನೋಟ್‌ಪ್ಯಾಡ್, ಪೆನ್ಸಿಲ್, ಶೀಘ್ರಲಿಪಿ. ವಾಕ್ಯದ ಲಯ ಕಿವಿಗೆ ಒಪ್ಪುವ ತನಕ ಅದೇ ಪುಟವನ್ನು ಮತ್ತೆ ಮತ್ತೆ ಬರೆಯುವುದು. ಒಪ್ಪಿದ ಮೇಲೆಯೇ ಟೈಪ್‌ರೈಟರ್. ಕ್ರಿಸ್ಟೀನಳ ಅಡುಗೆಮನೆಯಲ್ಲಿ ಕೇಳಿ ಬೆಳೆದವರು ಕೇಳುವಂತೆಯೇ ಬರೆದರು. ಇವರ ಗದ್ಯವನ್ನು ಗಟ್ಟಿಯಾಗಿ ಓದಿದಾಗ ನಾಲಗೆ ತೊಡರದಿರುವುದು ಇದರಿಂದಲೇ.

ಕಥೆಯ ಎಳೆ ಸಿಗುತ್ತಿದ್ದುದು ತೀರ ಸಣ್ಣ ಸಂಗತಿಗಳಲ್ಲಿ. ಹಟ ಹಿಡಿದು ಅಳುತ್ತಿದ್ದ ಮೂರು ವರ್ಷದ ಮೊಮ್ಮಗನನ್ನು ಸುಮ್ಮನಾಗಿಸಲು, ಲೋನ್ನೆಬರ್ಯದ ಎಮಿಲ್ ಏನು ಮಾಡಿದ ಗೊತ್ತೇ ಎಂದು ಬಾಯಿಗೆ ಬಂದ ಹೆಸರು ಕೂಗಿದರು. ಮಗುವೂ ಸುಮ್ಮನಾಯಿತು, 1963ರಲ್ಲಿ ಪುಸ್ತಕವೂ ಬಂತು. ವಿಮ್ಮರ್‌ಬಿಯ ಸ್ಮಶಾನದಲ್ಲಿ 1860ರಲ್ಲಿ ಎಳವೆಯಲ್ಲೇ ತೀರಿಕೊಂಡ ಇಬ್ಬರು ಸೋದರರ ಕಬ್ಬಿಣದ ಶಿಲುಬೆಯೊಂದಿದೆ. ಅದರ ಮುಂದೆ ನಿಂತ ಗಳಿಗೆಯಿಂದ ಹುಟ್ಟಿದ್ದು 'ಲಯನ್‌ಹಾರ್ಟ್ ಸೋದರರು' (1973). ಸಾವನ್ನು ಮಕ್ಕಳಿಂದ ಮುಚ್ಚಿಡದ ಈ ಕಾದಂಬರಿಯೇ ಇವರ ಅತ್ಯುತ್ತಮ ಕೃತಿ ಎನ್ನಲು ಅಡ್ಡಿಯಿಲ್ಲ. 'ಮಿಯೊ, ನನ್ನ ಮಿಯೊ' (1954), 'ದರೋಡೆಕೋರನ ಮಗಳು ರೋನ್ಯಾ' (1981) ಇತರ ಮುಖ್ಯ ಕಾದಂಬರಿಗಳು. ಮಕ್ಕಳ ಲೇಖಕರಾಗಬಯಸುವವರಿಗಾಗಿ 1970ರಲ್ಲಿ ಬರೆದ ಲೇಖನದಲ್ಲಿ, ಮಗುವಿನ ತಲೆಯ ಮೇಲಿಂದ ದೊಡ್ಡವರಿಗೆ ಕಣ್ಣು ಮಿಟುಕಿಸಬೇಡಿ, ಅದು ಓದುವ ಮಗುವಿಗೆ ಮಾಡುವ ಅವಮಾನ ಎಂದರು.

1958ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ ಪದಕ, 1978ರಲ್ಲಿ ಜರ್ಮನ್ ಪುಸ್ತಕ ವ್ಯಾಪಾರಿಗಳ ಶಾಂತಿ ಪ್ರಶಸ್ತಿ ಬಂದವು. ಶಾಂತಿ ಪ್ರಶಸ್ತಿ ಸ್ವೀಕರಿಸುತ್ತ ಫ್ರಾಂಕ್‌ಫರ್ಟ್‌ನಲ್ಲಿ ಮಕ್ಕಳನ್ನು ಹೊಡೆಯುವುದರ ವಿರುದ್ಧ ಮಾತನಾಡಿದರು. ಮರುವರ್ಷ ಸ್ವೀಡನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನು ಕಾನೂನಿನಿಂದ ನಿಷೇಧಿಸಿತು. ಮುಪ್ಪಿನಲ್ಲಿ ದೃಷ್ಟಿ ಮಂದವಾಯಿತು. 2002ರ ಜನವರಿ 28ರಂದು ಡಾಲಾಗಾಟನ್ ಮನೆಯಲ್ಲೇ ನಿಧನರಾದರು. ಅದೇ ವರ್ಷ ಸ್ವೀಡನ್ ಸರ್ಕಾರ ಇವರ ಹೆಸರಿನಲ್ಲಿ ಅಂತಾರಾಷ್ಟ್ರೀಯ ಮಕ್ಕಳ ಸಾಹಿತ್ಯ ಪ್ರಶಸ್ತಿಯನ್ನು ಸ್ಥಾಪಿಸಿತು. ಸ್ಟಾಕ್‌ಹೋಮ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಇವರ ಕಾಗದಪತ್ರಗಳು 2005ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೆ ಸೇರಿದವು.

ಸುಮಾರು 670 ನೋಟ್‌ಪ್ಯಾಡ್‌ಗಳು ಉಳಿದಿವೆ. ಅವನ್ನು ಓದಲಾಗದು ಎಂದೇ ಬಹುಕಾಲ ಭಾವಿಸಲಾಗಿತ್ತು. 2020ರಲ್ಲಿ ಆರಂಭವಾದ ಸಂಶೋಧನಾ ಯೋಜನೆಯೊಂದರಲ್ಲಿ ಹಳೆಯ ಶೀಘ್ರಲಿಪಿ ಬಲ್ಲ ಸ್ವಯಂಸೇವಕರು 'ಲಯನ್‌ಹಾರ್ಟ್ ಸೋದರರು' ಕೃತಿಯ ಕರಡುಗಳನ್ನು ಕೈಗೆತ್ತಿಕೊಂಡು, ಗೆರೆಗೆರೆಯಾಗಿ ಬಿಡಿಸಿ ಓದತೊಡಗಿದರು.