ತೋಪು ಹೋದ ಬಗೆ, ಗಿಡ ಬಂದ ಬಗೆ

ರಜತ ಮಹೋತ್ಸವದ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ನಾವು ಒಪ್ಪಿಕೊಂಡೆವು. ಇತಿಹಾಸವೆಂದರೆ ಪಿರಿಯಾಪಟ್ಟಣದ ಕೋಟೆ, ಅರಸರು, ಯುದ್ಧ ಎಂದು ತಿಳಿದವರೇ ಹೆಚ್ಚು. ಅದನ್ನು ಬರೆಯಲು ವಿದ್ವಾಂಸರಿದ್ದಾರೆ. ನಾವು ಬರೆಯಹೊರಟಿರುವುದು ನಮ್ಮ ಕಣ್ಣೆದುರಿಗೇ ನಡೆದುಹೋದ ಇತಿಹಾಸ. ಊರ ಮುಂದಿನ ಮರಗಳು ಎಲ್ಲಿಗೆ ಹೋದವು, ಅವುಗಳ ಬದಲಿಗೆ ಪಂಚಾಯಿತಿಯವರು ಏನು ನೆಟ್ಟರು, ನೆಟ್ಟದ್ದರಲ್ಲಿ ಏನು ಉಳಿಯಿತು ಎಂಬುದಷ್ಟೇ ನಮ್ಮ ವಿಷಯ.

ಮೈಸೂರು ಸೀಮೆಯ ಯಾವ ಊರಿನ ನಕ್ಷೆ, ಪಹಣಿ ತೆಗೆದು ನೋಡಿದರೂ ಹಿಡುವಳಿ ಜಮೀನಿನ ಜೊತೆಗೆ ಕೆರೆ, ಗೋಮಾಳ, ಗುಂಡುತೋಪು, ಸ್ಮಶಾನ ಎಂದು ಬೇರೆ ಬೇರೆ ಸರ್ವೆ ನಂಬರುಗಳು ಕಾಣುತ್ತವೆ. ಗುಂಡುತೋಪು ಎಂದರೆ ಹುಣಸೆ, ಮಾವು, ನೇರಳೆ, ಹೊಂಗೆಯ ನೆರಳು. ಸಂತೆಗೆ ಹೋಗುವ ಗಾಡಿಗಳು ಕೊರಳು ಬಿಚ್ಚುತ್ತಿದ್ದ ಜಾಗ. ಗೋಮಾಳಕ್ಕೂ ಲೆಕ್ಕವಿತ್ತು. 1966ರ ಭೂಕಂದಾಯ ನಿಯಮಗಳಂತೆ 100 ದನಗಳಿಗೆ 30 ಎಕರೆ ಬಿಡಬೇಕು. ಗೋಮಾಳ ಬರೀ ಹುಲ್ಲಿನ ಬಯಲಲ್ಲ. ಕಾರೆ, ಬೋರೆ, ತಂಗಡಿ, ಬಂದರೆ, ಕಗ್ಗಲಿ ಎಲ್ಲವೂ ಅಲ್ಲಿದ್ದವು. ಪೊದೆಯೊಳಗೆ ಮೊಲ, ಕೌಜುಗ, ನವಿಲು. ಸರ್ಕಾರಿ ಕಾಗದದಲ್ಲಿ ಇದು ಕಾಡಲ್ಲ. ಆದರೆ ನಾಗರಹೊಳೆಗೂ ನಮ್ಮ ಬಯಲಿಗೂ ನಡುವೆ ಇಂಥ ತುಂಡು ತುಂಡು ಹಸಿರು ಬಹಳ ಇತ್ತು.

ಆಮೇಲೆ ಅಭಿವೃದ್ಧಿ ಬಂತು. ಬರಬೇಕಾದದ್ದೇ, ಬೇಡ ಎನ್ನಲು ನಾವು ಯಾರು? ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಕಬಿನಿ ಅಣೆಕಟ್ಟೆ 1974ರಲ್ಲಿ ಮುಗಿದಾಗ ಊರುಗಳ ಜೊತೆ ಕಾಡೂ ಮುಳುಗಿತು. ಹಾರಂಗಿ ಜಲಾಶಯ 1982ರಲ್ಲಿ ಪೂರ್ಣಗೊಂಡು ನಮ್ಮ ತಾಲ್ಲೂಕಿಗೂ ನಾಲೆ ನೀರು ಹರಿಯಿತು. ಎಲ್ಲಕ್ಕಿಂತ ಹೆಚ್ಚಾಗಿ ಹೊಗೆಸೊಪ್ಪು ಬಂತು. 1976ರಲ್ಲಿ ತಂಬಾಕು ಮಂಡಳಿ ಸ್ಥಾಪನೆಯಾಯಿತು, 1984ರಿಂದ ಕರ್ನಾಟಕದಲ್ಲಿ ಮಂಡಳಿಯ ಹರಾಜು ಶುರುವಾಯಿತು. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಕೋಟೆ ತಾಲ್ಲೂಕುಗಳ ಕೆಮ್ಮಣ್ಣಿಗೆ ಈ ಬೆಳೆ ಹಿಡಿಸಿತು. ಹೆಣ್ಣುಮಕ್ಕಳ ಮದುವೆ, ಹಂಚಿನ ಮನೆಗೆ ಆರ್‌ಸಿಸಿ, ಮಕ್ಕಳ ಕಾಲೇಜು ಎಲ್ಲಾ ಈ ಸೊಪ್ಪಿನಿಂದಲೇ ಆದದ್ದು. ಸುಳ್ಳು ಹೇಳುವುದೇಕೆ?

ಆದರೆ ಸೊಪ್ಪನ್ನು ಬ್ಯಾರನ್ನಿನಲ್ಲಿ ಬೇಯಿಸಬೇಕಲ್ಲ. ಒಂದು ಸಲ ಎಲೆ ಏರಿಸಿದರೆ ಐದಾರು ದಿನ, ಹಗಲು ರಾತ್ರಿ ಒಲೆ ಆರುವಂತಿಲ್ಲ. ಒಂದು ಕೆ.ಜಿ. ಹದವಾದ ಎಲೆಗೆ ನಾಲ್ಕೈದು ಕೆ.ಜಿ. ಸೌದೆ ಬೇಕೆಂಬುದು ಬೆಳೆಗಾರರೇ ಹೇಳುವ ಲೆಕ್ಕ. ಹದಿನೈದು ಕ್ವಿಂಟಲ್ ಸೊಪ್ಪು ಮಾಡುವವನಿಗೆ ವರ್ಷಕ್ಕೆ ಆರೇಳು ಟನ್ ಸೌದೆ ಆಯಿತು. ಊರಿಗೆ ಎಷ್ಟು ಬ್ಯಾರನ್ ಎಂದು ಓದುಗರೇ ಎಣಿಸಿಕೊಳ್ಳಲಿ. ಮೊದಲು ಹೊಲದ ಬದುವಿನ ಮರ ಹೋದವು, ಆಮೇಲೆ ಗೋಮಾಳದ ಕಗ್ಗಲಿ, ಕೊನೆಗೆ ತೋಪಿನಲ್ಲಿ 'ಒಣಗಿದ' ಮರಗಳು. ನಮ್ಮ ತೋಪಿನಲ್ಲಿ ಮರಗಳು ಸಾಮಾನ್ಯವಾಗಿ ಜುಲೈ ತಿಂಗಳಲ್ಲೇ ಏಕೆ ಒಣಗುತ್ತಿದ್ದವು ಎಂಬುದು ಸದಸ್ಯ ಬಾಂಧವರಿಗೆ ಗೊತ್ತಿರುವ ವಿಷಯ. ಹೊರಗಿನವರು ಬಂದು ಕಡಿದರು ಎಂದು ಕೈ ತೊಳೆದುಕೊಳ್ಳುವ ಹಾಗಿಲ್ಲ.

ಹೋದ ಮರಕ್ಕೆ ಬದಲಿ ಮರ ಎಂಬ ಮಾತು ನಮ್ಮ ಕಡೆ ಕೇಳಿಬಂದದ್ದು ಸಾಮಾಜಿಕ ಅರಣ್ಯ ಯೋಜನೆಯಿಂದ. ವಿಶ್ವಬ್ಯಾಂಕಿನ ನೆರವಿನಿಂದ 1983ರ ಸುಮಾರಿಗೆ ಅದು ರಾಜ್ಯದಲ್ಲಿ ದೊಡ್ಡದಾಗಿ ನಡೆಯಿತು. ಹೆಸರು ಸೌದೆ, ಮೇವಿನದು. ನೆಟ್ಟದ್ದು ಬಹುಪಾಲು ನೀಲಗಿರಿ. (ನೀಲಗಿರಿ ನಮಗೆ ಹೊಸದೇನಲ್ಲ, ಟಿಪ್ಪು ಸುಲ್ತಾನರ ಕಾಲದಲ್ಲೇ ನಂದಿಬೆಟ್ಟಕ್ಕೆ ಬಂದಿತ್ತಂತೆ.) 1983ರಲ್ಲೇ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತರು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹವಾಯಿತು. ಊರೊಟ್ಟಿನ ಜಮೀನನ್ನು ಕಾರ್ಖಾನೆಯ ನೀಲಗಿರಿಗೆಂದು ಗುತ್ತಿಗೆ ಕೊಟ್ಟದ್ದಕ್ಕೆ ಜನ ಅದನ್ನು ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಆ ಜಂಟಿ ಕಂಪನಿಯನ್ನು 1991ರಲ್ಲಿ ಮುಚ್ಚಬೇಕಾಯಿತು.

ನಮ್ಮ ಕಡೆ ಯಾರೂ ಕೀಳಲಿಲ್ಲ. ಬ್ಯಾರನ್ನಿಗೆ ಸೌದೆ ಆಗುತ್ತದಲ್ಲ! 1987ರಲ್ಲಿ ಮಂಡಲ ಪಂಚಾಯಿತಿ ಬಂದಾಗಲೂ ಗೋಮಾಳದಲ್ಲಿ ಎದ್ದದ್ದು ನೀಲಗಿರಿಯೇ. ನಮ್ಮ ದೊಡ್ಡಮ್ಮ ಒಬ್ಬರು ಕುರಿ ಹೊಡೆದುಕೊಂಡು ಹೋಗಿ ಬಂದವರು ಅಂದ ಮಾತು ಇನ್ನೂ ಕಿವಿಯಲ್ಲಿದೆ: "ಆಡು ಮುಟ್ಟಕಿಲ್ಲ, ಹಕ್ಕಿ ಗೂಡು ಕಟ್ಟಕಿಲ್ಲ, ನೆರಳಂತೂ ಇಲ್ಲವೇ ಇಲ್ಲ. ಇದು ಮರ ಅಲ್ಲ ಕಣಪ್ಪ, ಗಳ." ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ ಆದೇಶ ಮಾಡಿದ್ದು 2017ರಲ್ಲಿ. ದೊಡ್ಡಮ್ಮ ಅಷ್ಟು ಹೊತ್ತಿಗೆ ಇರಲಿಲ್ಲ.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮ ಹೇಳಬೇಕು. 1980ರ ಅರಣ್ಯ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅರಣ್ಯ ಜಮೀನನ್ನು ಬೇರೆ ಕೆಲಸಕ್ಕೆ ಕೊಟ್ಟರೆ ಬದಲಿ ಜಮೀನಿನಲ್ಲಿ ಪರಿಹಾರಾತ್ಮಕ ಅರಣ್ಯ ಬೆಳೆಸಬೇಕಾಯಿತು. ಆ ಹಣಕ್ಕೆಂದೇ 2016ರಲ್ಲಿ ಪ್ರತ್ಯೇಕ ಕಾಯಿದೆ ಆಯಿತು. ಆದರೆ ರಸ್ತೆಗೋ ಕಟ್ಟಡಕ್ಕೋ ತೋಪು ಹೋದರೆ, ಗೋಮಾಳ ಹೋದರೆ ಈ ಲೆಕ್ಕ ಬರುವುದಿಲ್ಲ, ಏಕೆಂದರೆ ಅದು ಕಾಗದದಲ್ಲಿ ಅರಣ್ಯವಲ್ಲ. ಅದನ್ನು ತುಂಬಿಕೊಡುವ ಹೊಣೆ ಹೆಚ್ಚುಕಡಿಮೆ ಗ್ರಾಮ ಪಂಚಾಯಿತಿಯ ಮೇಲೆಯೇ ಬಿತ್ತು. 1993ರ ಪಂಚಾಯತ್ ರಾಜ್ ಅಧಿನಿಯಮ ಅಧಿಕಾರ ಕೊಟ್ಟಿತು, ಕಾಸು ಅಷ್ಟಾಗಿ ಕೊಡಲಿಲ್ಲ. 2008ರಲ್ಲಿ ಉದ್ಯೋಗ ಖಾತರಿ ಯೋಜನೆ ನಮ್ಮ ಜಿಲ್ಲೆಗೂ ಬಂದ ಮೇಲೆಯೇ ಗುಂಡಿ ತೋಡಲು ಕೂಲಿ ಸಿಕ್ಕಿದ್ದು.

ನಮ್ಮೂರಿನಲ್ಲಿ ಆದದ್ದು ಹೀಗೆ. ರಸ್ತೆ ಅಗಲ ಮಾಡುವಾಗ ಊರ ಬಾಗಿಲಿನ ಹುಣಸೆಮರಗಳು ಹೋದವು, ರಸ್ತೆಗೆ ಮಣ್ಣು ಬೇಕೆಂದು ಗೋಮಾಳದಲ್ಲಿ ಗುಂಡಿ ಬಿದ್ದವು. ಗ್ರಾಮಸಭೆಯಲ್ಲಿ ಗಲಾಟೆ ಎದ್ದು, ಹಳೆಯ ತೋಪಿನ ಜಾಗದಲ್ಲೂ ಕೆರೆ ಅಂಗಳದಲ್ಲೂ ಸಸಿ ನೆಡಬೇಕೆಂದು ಠರಾವಾಯಿತು. ಮೊದಲ ವರ್ಷ ಜೂನ್ 5ಕ್ಕೆ ಸಮಾರಂಭ, ಶಾಲಾ ಮಕ್ಕಳು, ಫೋಟೋ, ಮಂಡಕ್ಕಿ. ಗೇಣುದ್ದದ ಸಸಿಗಳು. ಶಿವರಾತ್ರಿ ಹೊತ್ತಿಗೆ ಹೋಗಿ ನೋಡಿದರೆ ನೂರಕ್ಕೆ ಹತ್ತೂ ಇಲ್ಲ. ಆಡು ತಿಂದದ್ದು ಸ್ವಲ್ಪ, ಬಿಸಿಲಿಗೆ ಬೆಂದದ್ದು ಬಹಳ. ಲೆಕ್ಕದಲ್ಲಿ ಮಾತ್ರ ಎಲ್ಲಾ ಸಸಿಗಳೂ ಬದುಕಿದ್ದವು. ನೆಟ್ಟದ್ದನ್ನು ಬರೆಯುವ ಕಾಲಂ ಇತ್ತು, ಉಳಿದದ್ದನ್ನು ಬರೆಯುವ ಕಾಲಂ ಇರಲಿಲ್ಲ.

ಎರಡನೆಯ ಸಲ ಕಡಿಮೆ ನೆಟ್ಟರು. ಎರಡು ವರ್ಷ ದೊಡ್ಡ ಚೀಲದಲ್ಲಿ ಬೆಳೆದ, ಆಳೆತ್ತರದ ಸಸಿಗಳೇ ಬೇಕೆಂದು ಪಂಚಾಯಿತಿ ಸದಸ್ಯರು ನರ್ಸರಿಗೆ ಮೂರು ಸಲ ಅಲೆದರು. ಕೆರೆಯ ಗೋಡು ತಂದು ಗುಂಡಿಗೆ ಹಾಕಿಸಿದರು, ಜಾಲಿ ಮುಳ್ಳು ಕಡಿದು ಸುತ್ತ ಕಟ್ಟಿಸಿದರು. ಏರಿಯ ಮೇಲೆ ದೊಡ್ಡ ಮರ ಬೇಡ, ಬೇರು ಏರಿಯನ್ನು ಸೀಳುತ್ತದೆ ಎಂದು ಹಿರಿಯರು ತಡೆದದ್ದು ಒಳ್ಳೆಯದಾಯಿತು. ತೋಪಿಗೆ ನೇರಳೆ, ಹುಣಸೆ, ಹೊಂಗೆ, ಬಸರಿ. ಕೆರೆ ಅಂಗಳಕ್ಕೆ ಕರಿಜಾಲಿ, ಅದು ನೀರಿನಲ್ಲಿ ಕಾಲಿಟ್ಟುಕೊಂಡೇ ಬದುಕುತ್ತದೆ.

ಕಷ್ಟ ಇದ್ದದ್ದು ಬೇಸಿಗೆಯಲ್ಲಿ. ನೆಡುವುದಕ್ಕೆ ಕೂಲಿ ಬಂತು, ನೀರಿಗೆ ಬಂದದ್ದು ಸಾಲದಾಯಿತು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲಿ ಸಾಲುಮರದ ತಿಮ್ಮಕ್ಕನವರು ಗಂಡನ ಜೊತೆ ಕೊಡದಲ್ಲಿ ನೀರು ಹೊತ್ತು ಆಲದ ಮರ ಸಾಕಿದ ಕಥೆ ಎಲ್ಲರಿಗೂ ಗೊತ್ತು. ನಮ್ಮಲ್ಲಿ ಅಂಥ ತಾಯಿ ಇರಲಿಲ್ಲ. ನಮ್ಮ ಸಂಘ ಲಾಭದಲ್ಲಿ ಎತ್ತಿಟ್ಟ ಹಣದಿಂದ ಟ್ಯಾಂಕರ್ ಬಾಡಿಗೆ ಕೊಟ್ಟಿತು. ಮಹಾಸಭೆಯಲ್ಲಿ ಒಬ್ಬರು ಎದ್ದು, "ಗೊಬ್ಬರಕ್ಕೆ ಸಾಲ ಕೊಡಿ ಅಂದ್ರೆ ಮರಕ್ಕೆ ನೀರು ಕುಡುಸ್ತೀರಾ?" ಅಂದರು. ಇನ್ನೊಬ್ಬರು, "ನಿನ್ ಬ್ಯಾರನ್ ಎಷ್ಟು ಮರ ಕುಡೀತು ಹೇಳಪ್ಪ" ಅಂದರು. ನಗೆಯಲ್ಲಿ ಠರಾವು ಪಾಸಾಯಿತು. ಮೂರು ಬೇಸಿಗೆ ನೀರು ಹಾಕಿದೆವು. ಬಹುಪಾಲು ಉಳಿದವು. ಈಗ ಜೂನ್ ಬಂದರೆ ನೇರಳೆ ಕೆಳಗೆ ಹುಡುಗರ ಬಾಯಿ ನೀಲಿ. ಕೆರೆಯ ಜಾಲಿಯಲ್ಲಿ ಬೆಳ್ಳಕ್ಕಿ ಕೂರುತ್ತವೆ.

ಗೋಮಾಳದ ಮಾತು ಬೇರೆ. ಅಲ್ಲಿ ಗಿಡಕ್ಕಿಂತ ಮೊದಲು ಜಾಗವೇ ಉಳಿಯಬೇಕಾಗಿದೆ. 1991ರ ನಮೂನೆ 50, ಆಮೇಲೆ 53, 2018ರಲ್ಲಿ 57 ಎಂದು ಬಗರ್‌ಹುಕುಂ ಅರ್ಜಿಗಳು ಬಂದವು. ತುಂಡು ಭೂಮಿಯೂ ಇಲ್ಲದವರು ಕೇಳಿದ್ದು ನ್ಯಾಯ. ನಾಲೆ ಜಮೀನು ಇರುವವರೂ ಬೇಲಿ ಸರಿಸಿದ್ದು ನ್ಯಾಯವಲ್ಲ, ಅವರಲ್ಲಿ ನಮ್ಮ ಸಂಘದ ಷೇರುದಾರರೂ ಇದ್ದಾರೆ. ಊರೊಟ್ಟಿನ ಜಾಗದ ಅಕ್ರಮ ಒತ್ತುವರಿ ತೆರವು ಮಾಡಿ ಗ್ರಾಮ ಪಂಚಾಯಿತಿಗೆ ಬಿಡಿಸಿಕೊಡಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಪಂಜಾಬಿನ ಒಂದು ಹಳ್ಳಿಯ ಕೆರೆಯ ಮೊಕದ್ದಮೆಯಲ್ಲಿ ಹೇಳಿತು. ಕೋರ್ಟಿನ ಮಾತು ಊರಿಗೆ ಬರಬೇಕಾದರೆ ಸರ್ವೆಯವರು ಬಂದು ಕಲ್ಲು ನೆಡಬೇಕು. ಕಲ್ಲು ನೆಡುವಾಗ ಸರಪಳಿಯ ತುದಿ ಹಿಡಿಯಲು ಊರಿನವರೇ ನಿಲ್ಲಬೇಕು. ನಮ್ಮೂರಿನಲ್ಲಿ ಅಳತೆಗೆ ಎರಡು ಸಲ ದಿನ ಗೊತ್ತಾಗಿ ಎರಡು ಸಲವೂ ಮುಂದಕ್ಕೆ ಹೋಗಿದೆ.

ಅಳತೆಯಾಗಿ ಉಳಿಯುವಷ್ಟು ಗೋಮಾಳದಲ್ಲಿ ನೀಲಗಿರಿ ಬೊಡ್ಡೆ ತೆಗೆಸಿ ಕಗ್ಗಲಿ, ಬೋರೆ, ತಂಗಡಿಗೆ ಬಿಡಬೇಕೆಂಬ ಠರಾವು ಈ ವರ್ಷದ ಮಹಾಸಭೆಗೆ ಬರುತ್ತಿದೆ. ಕೆರೆ ಅಂಗಳದ ಹೊಸ ಸಸಿಗಳಿಗೆ ನೀರು ಹಾಕುವ ಪಾಳಿಯ ಪಟ್ಟಿಯನ್ನು ಸಂಘದ ಬಾಗಿಲಿನ ಬೋರ್ಡಿಗೆ ಅಂಟಿಸಿದೆ. ಏಪ್ರಿಲ್ ತಿಂಗಳ ಎರಡು ಸೋಮವಾರ ಇನ್ನೂ ಖಾಲಿ ಇವೆ.