ಅಳ್ಳಿಟ್ಟಿನಿಂದ ಅಂಗನವಾಡಿಯವರೆಗೆ

ನಾಗರ ಪಂಚಮಿ ಸಮೀಪಿಸಿತೆಂದರೆ ನಮ್ಮ ಬೆಳಗಾವಿ ಸೀಮೆಯ ಮನೆಗಳಿಂದ ಹುರಿಯುವ ಕಾಳಿನ ವಾಸನೆ ಬೀದಿಯವರೆಗೂ ಬರುತ್ತದೆ. ಜೋಳ ಅರಳಿ ಅಳ್ಳಾಗುತ್ತದೆ. ಶೇಂಗಾ, ಎಳ್ಳು, ಪುಟಾಣಿಗಳು ಬೆಲ್ಲದೊಡನೆ ಕೂಡಿ ಉಂಡಿಯಾಗುತ್ತವೆ. ಹುರಿದು ಬೀಸಿದ ಹಿಟ್ಟು ಅಳ್ಳಿಟ್ಟು, ತಂಬಿಟ್ಟು ಎಂಬ ಹೆಸರು ಹೊತ್ತು ಡಬ್ಬಿ ಸೇರುತ್ತದೆ. ಪೂಜೆ ನಾಗಪ್ಪನಿಗೆ, ಆದರೆ ಹಬ್ಬ ಕಳೆದು ವಾರವಾದರೂ ಆ ಡಬ್ಬಿಯ ಮುಂದೆ ಕೈಯೊಡ್ಡಿ ನಿಲ್ಲುವವರು ಮನೆಯ ಚಿಕ್ಕ ಮಕ್ಕಳು. ಒಂದರಿಂದ ಮೂರು ವರ್ಷದ ಕೂಸಿಗೆ ಅಗ್ಗವೂ ಹೊಟ್ಟೆ ತುಂಬಿಸುವುದೂ ಮೈಗೆ ಹಿತವೂ ಆದ ತಿಂಡಿ ಯಾವುದೆಂದು ಇಂದಿನ ತಾಯಂದಿರು ಕೇಳುತ್ತಾರೆ. ಈ ಪ್ರಶ್ನೆಗೂ ಒಂದು ಚರಿತ್ರೆಯಿದೆ. ಅದು ಈ ಡಬ್ಬಿಯಿಂದಲೇ ಮೊದಲಾಗುತ್ತದೆ.

ಅಡುಗೆಯ ವಿಚಾರದಲ್ಲಿ ಕನ್ನಡ ನಾಡು ಬಡವಲ್ಲ. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಅಡುಗೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಊಟದ ವೈಭವವನ್ನು ಓದಿದರೆ ಬಾಯಲ್ಲಿ ನೀರೂರುತ್ತದೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸನಂತೂ ‘ಸೂಪಶಾಸ್ತ್ರ’ವೆಂಬ ಕಾವ್ಯವನ್ನೇ ಬರೆದ. ದೇವರ ನೈವೇದ್ಯಕ್ಕೆ ಅಕ್ಕಿ ಎಷ್ಟು, ತುಪ್ಪ ಎಷ್ಟು ಎಂಬುದನ್ನು ಶಾಸನಗಳು ಕಲ್ಲಿನಲ್ಲಿ ಕೆತ್ತಿಸಿವೆ. ಅರಸನ ತಟ್ಟೆಗೂ ದೇವರ ತಟ್ಟೆಗೂ ಲೆಕ್ಕವುಂಟು. ಕೂಸಿನ ಅಂಗೈಗೆ ಲೆಕ್ಕವಿಟ್ಟವರಿಲ್ಲ. ಅದು ಹೆಂಗಸರ ಕೆಲಸವಾಗಿತ್ತು, ಹೆಂಗಸರ ಕೆಲಸ ಬರೆದಿಡುವಂಥದೆಂದು ಯಾರೂ ಎಣಿಸಲಿಲ್ಲ.

ಆದರೂ ಹುರಿದ ಹಿಟ್ಟಿನ ಹಳಮೆಗೆ ಸಾಕ್ಷಿಗಳಿವೆ. ‘ಸಕ್ತು’ ಎಂಬ ಹೆಸರಿನಿಂದ ಅದು ಋಗ್ವೇದದಲ್ಲೇ ಬರುತ್ತದೆ. ಮಾತನ್ನು ಶೋಧಿಸುವುದಕ್ಕೆ ಸಕ್ತುವನ್ನು ಜರಡಿ ಹಿಡಿಯುವುದರ ಹೋಲಿಕೆ ಅಲ್ಲಿದೆ. ಉತ್ತರ ಹಿಂದೂಸ್ಥಾನದ ಸತ್ತು, ಹಳೆಯ ಮೈಸೂರಿನ ರಾಗಿಯ ಹುರಿಹಿಟ್ಟು, ನಮ್ಮ ಅಳ್ಳಿಟ್ಟು ಎಲ್ಲವೂ ಒಂದೇ ಬಳಗದವು. ಆರು ತಿಂಗಳಾದ ಕೂಸಿಗೆ ಹಗುರವೂ ಹಿತವೂ ಆದ ಅನ್ನವನ್ನು ಉಣಿಸಬೇಕೆಂದು ಸುಶ್ರುತ ಸಂಹಿತೆ ವಿಧಿಸಿತು. ಇಂದಿನ ವೈದ್ಯರೂ ಆರನೆಯ ತಿಂಗಳನ್ನೇ ಹೇಳುತ್ತಾರೆ.

ಹಾಗೆಂದು ಹಿಂದಿನದೆಲ್ಲ ಚಿನ್ನ, ಇಂದಿನದೆಲ್ಲ ಕಬ್ಬಿಣ ಎಂದು ಹೇಳಲು ನಾನು ಹೊರಟಿಲ್ಲ. ನಮ್ಮ ಉಂಡಿಯ ಜೀವಾಳವಾದ ಶೇಂಗಾ ದಕ್ಷಿಣ ಅಮೇರಿಕೆಯಿಂದ ಬಂದ ಬೆಳೆ. ಬೆಳಗಾವಿ, ಖಾನಾಪುರಗಳ ಹೊಲಗಳಲ್ಲಿ ಇಂದು ಯಥೇಚ್ಛವಾಗಿ ಬೆಳೆಯುವ ಗೆಣಸಿನ ತವರೂ ಆ ಖಂಡವೇ. ಸೋಮೇಶ್ವರನು ಎರಡನ್ನೂ ಕಂಡಿರಲಾರ. ‘ಅಜ್ಜಿಯ ಕಾಲದ ತಿಂಡಿ’ ಎಂದು ನಾವು ಹೆಮ್ಮೆಪಡುವುದರಲ್ಲಿ ಅರ್ಧಪಾಲು ಕಡಲು ದಾಟಿ ಬಂದದ್ದು. ಒಳ್ಳೆಯದನ್ನು ಎಲ್ಲಿಂದಲಾದರೂ ತಂದು ತಮ್ಮದನ್ನಾಗಿ ಮಾಡಿಕೊಂಡದ್ದೇ ಆ ಅಜ್ಜಿಯರ ಜಾಣತನ.

ಅಜ್ಜಿಯ ಕಾಲದಲ್ಲಿ ಹಸಿವೂ ಇತ್ತು. 1876ರಿಂದ 1878ರವರೆಗಿನ ಮಹಾಕ್ಷಾಮ ಮುಂಬಯಿ ಇಲಾಖೆಯ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಹಿಂಡಿಹಾಕಿತು. ಬರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಆಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ ಸಾಕೆಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಗೊತ್ತುಮಾಡಿದ. ಬರಿಯ ಧಾನ್ಯದಿಂದ ಜೀವ ನಿಲ್ಲದು, ಬೇಳೆ ತರಕಾರಿಗಳೂ ಬೇಕು ಎಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ವಾದಿಸಿದ. ದೊಡ್ಡವರ ಪಾಡೇ ಹಾಗಿದ್ದಾಗ ಕಂಕುಳ ಕೂಸಿನ ಪಾಡನ್ನು ಊಹಿಸಬಹುದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೂ ಈ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು ಇನ್ನೂರು ಮೊದಲ ಹುಟ್ಟುಹಬ್ಬವನ್ನು ಕಾಣುತ್ತಿರಲಿಲ್ಲ. ಅಳ್ಳಿಟ್ಟು ಒಳ್ಳೆಯದು, ಸಂಶಯವಿಲ್ಲ. ಆದರೆ ಅದು ಕಾಳು ಇದ್ದವರ ಮನೆಯ ಮಾತು.

ಧಾನ್ಯದ ಜೊತೆಗೆ ಬೇಳೆಯೇಕೆ ಬೇಕೆಂಬುದನ್ನು ಮುಂದೆ ವಿಜ್ಞಾನ ಬಿಡಿಸಿ ಹೇಳಿತು. ಗೋಧಿ, ಜೋಳ, ಅಕ್ಕಿಗಳ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಡಲೆ, ಹೆಸರು, ತೊಗರಿಗಳಲ್ಲಿ ಅದು ಧಾರಾಳವಾಗಿದೆ. ಅವುಗಳಲ್ಲಿ ಕೊರತೆಯಾದ ಮಿಥಿಯೊನಿನ್ ಧಾನ್ಯದಲ್ಲಿದೆ. ಎರಡೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಾಲು, ಮೊಟ್ಟೆ ಕೊಳ್ಳಲಾರದ ಮನೆಗೆ ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಅಳ್ಳಿಟ್ಟನ್ನು ಬೀಸಿದ ನಮ್ಮ ಹಿರಿಯರು ಲೈಸಿನ್ ಎಂಬ ಹೆಸರು ಕೇಳಿರಲಿಲ್ಲ, ಆದರೆ ಕಾಳು ಬೆರೆಸದ ಹಿಟ್ಟು ಕೂಸಿಗೆ ಹತ್ತುವುದಿಲ್ಲವೆಂದು ಬಲ್ಲವರಾಗಿದ್ದರು.

1950ರ ಅಕ್ಟೋಬರ್ 21ರಂದು ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯ ಆರಂಭವಾಯಿತು. ಅರಸುಮಕ್ಕಳ ಮನೆ ಬಡಮಕ್ಕಳ ಆಹಾರದ ಪ್ರಯೋಗಶಾಲೆಯಾಯಿತು. ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ ಅಲ್ಲಿ ‘ಬಹೂದ್ದೇಶ ಆಹಾರ’ವೆಂಬ ಪುಡಿ ತಯಾರಾಯಿತು. ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು, ಮೇಲೆ ಜೀವಸತ್ವ, ಲವಣಗಳು: ಇದು ಅದರ ಸಾರ. ಗಾಣದ ಹಿಂಡಿಯೆಂದು ದನಕ್ಕೆ ಹಾಕುತ್ತಿದ್ದುದರಲ್ಲಿ ಮಕ್ಕಳ ಬಲವಿದೆಯೆಂದು ಕಂಡುಕೊಂಡದ್ದು ಸಣ್ಣ ಸಾಧನೆಯಲ್ಲ.

ಆದರೆ ಹೊಸ ದಾರಿಗೆ ಹೊಸ ಮುಳ್ಳು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು. ಅವು ತಿಂದ ಶೇಂಗಾ ಹಿಂಡಿಯಲ್ಲಿ ಬೂಷ್ಟು ಹಿಡಿದು ವಿಷ ಹುಟ್ಟಿತ್ತು. ಅಫ್ಲಾಟಾಕ್ಸಿನ್ ಎಂಬ ಆ ವಿಷ ಯಕೃತ್ತಿಗೆ ಮಾರಕ. ಮಕ್ಕಳ ಆಹಾರದಲ್ಲಿ ಶೇಂಗಾ ಬಳಸುವವರೆಲ್ಲ ಅಂದಿನಿಂದ ಎಚ್ಚರವಾದರು. ಮುಗ್ಗಿದ, ಸುಕ್ಕಿದ, ಕಪ್ಪಾದ ಬೀಜವನ್ನು ಆರಿಸಿ ಚೆಲ್ಲುತ್ತಿದ್ದ ಅಜ್ಜಿಯ ಮೊರದ ಕೆಲಸಕ್ಕೆ ಎಷ್ಟು ಬೆಲೆಯಿತ್ತೆಂಬುದು ಆಗ ತಿಳಿಯಿತು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಇನ್ನೂ ಸರಳವಾದುದನ್ನು ಹೇಳಿದರು. ಹುರಿದ ಗೋಧಿ 40 ಗ್ರಾಂ, ಕಡಲೆ 16 ಗ್ರಾಂ, ಶೇಂಗಾ 10 ಗ್ರಾಂ, ಬೆಲ್ಲ 20 ಗ್ರಾಂ: ‘ಹೈದರಾಬಾದ್ ಮಿಶ್ರಣ’ವೆಂದು ಇದು ಹೆಸರಾಯಿತು. ಇಷ್ಟರಲ್ಲಿ ಸುಮಾರು 330 ಕ್ಯಾಲರಿ, 11 ಗ್ರಾಂ ಪ್ರೋಟೀನು ಇದೆ. ಓದುಗರು ಈ ಪಟ್ಟಿಯನ್ನು ಇನ್ನೊಮ್ಮೆ ನೋಡಲಿ. ಇದು ನಮ್ಮ ಪಂಚಮಿಯ ಡಬ್ಬಿಯೇ, ತಕ್ಕಡಿಯೊಂದು ಹೊಸದು. ಮೈಸೂರಿನ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳಿನ ಗಂಜಿಯನ್ನು ಪರೀಕ್ಷಿಸಿ ಮತ್ತೊಂದು ಗುಟ್ಟನ್ನು ಹೊರಗೆಡಹಿದರು. ಮೊಳಕೆಯ ಹಿಟ್ಟಿನ ಗಂಜಿ ಗಟ್ಟಿಯಾಗದೆ ತೆಳ್ಳಗುಳಿಯುತ್ತದೆ. ಹಾಗಾಗಿ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಬಹುದು. ಕೂಸಿನ ಚಿಕ್ಕ ಹೊಟ್ಟೆಗೆ ಹೆಚ್ಚು ಬಲ ಸೇರುತ್ತದೆ.

ಸರಕಾರ ಈ ತುತ್ತಿನ ಹೊಣೆ ಹೊತ್ತದ್ದು 1975ರ ಅಕ್ಟೋಬರ್ 2ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಮೂಲಕ. ಕರ್ನಾಟಕದಲ್ಲಿ ಅದರ ಮೊದಲ ಹೆಜ್ಜೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಅಂಗನವಾಡಿ ಎಂಬ ಮಾತು ಅಂದಿನಿಂದ ಮನೆಮಾತಾಯಿತು. ಅಲ್ಲಿಯ ಆಹಾರವನ್ನು ಗುತ್ತಿಗೆದಾರರ ಕೈಗೆ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2004ರ ಅಕ್ಟೋಬರ್ 7ರಂದು ಆಜ್ಞೆ ಮಾಡಿತು. ಕರ್ನಾಟಕದಲ್ಲಿ ಮಹಿಳೆಯರೇ ನಡೆಸುವ ಆಹಾರ ತಯಾರಿಕಾ ಕೇಂದ್ರಗಳು ಹುಟ್ಟಿಕೊಂಡವು. 2013ರ ಆಹಾರ ಭದ್ರತಾ ಕಾಯಿದೆ ಆರು ತಿಂಗಳಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲರಿ, 12ರಿಂದ 15 ಗ್ರಾಂ ಪ್ರೋಟೀನಿನ ಆಹಾರವನ್ನು ಹಕ್ಕೆಂದು ಸಾರಿತು. ಅದೇ ವರ್ಷದ ಆಗಸ್ಟ್ 1ರಂದು ಕ್ಷೀರಭಾಗ್ಯ ಬಂತು. ಜಿಲ್ಲೆಯ ಹಾಲು ಒಕ್ಕೂಟ ಇರುವುದು ನಮ್ಮ ಮಹಾಂತೇಶ ನಗರದಲ್ಲಿಯೇ, ಕಣಬರ್ಗಿ ರಸ್ತೆಯಲ್ಲಿ.

ಇಷ್ಟೆಲ್ಲ ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳು ತುಂಬಿದ ಎಳೆಯರಲ್ಲಿ ಶೇಕಡಾ 65.5 ಮಂದಿಗೆ ರಕ್ತಹೀನತೆ ಇತ್ತು. ಎಲ್ಲಿ ತಪ್ಪಿತು?

ಉತ್ತರದ ಒಂದು ತುಣುಕು ನನಗೆ ನಮ್ಮ ಓಣಿಯಲ್ಲೇ ಸಿಕ್ಕಿತು. ನಾಲ್ಕು ಮನೆಗಳ ಪಾತ್ರೆ ತಿಕ್ಕಿ ಬರುವ ತಾಯಿಯೊಬ್ಬಳು ಎರಡು ವರ್ಷದ ಮಗನ ಕೈಗೆ ಐದು ರೂಪಾಯಿಯ ಬಿಸ್ಕೀಟಿನ ಪುಡಿಕೆ ಕೊಡುತ್ತಿದ್ದಳು. ಮೇಷ್ಟರ ಚಾಳಿಯಂತೆ ನಾನು ಅಳ್ಳಿಟ್ಟಿನ ಉಪದೇಶ ಮಾಡಿದೆ. ಅವಳು ನಕ್ಕಳು: “ಖರೇ ಅದರಿ ಸರ. ಅಳ್ಳಿಟ್ಟು ಸೋವಿನ ಅದ. ಆದ್ರ ಹುರಿಯಾಕ, ಬೀಸಾಕ, ಕೂತು ತಿನ್ನಸಾಕ ನನಗ ವ್ಯಾಳ್ಯಾ ಯಾರ ಕೊಡತಾರ್ರಿ?”

ನನಗೆ ಮಾತು ಹೊರಡಲಿಲ್ಲ. ಅಳ್ಳಿಟ್ಟು ಅಗ್ಗವೆಂದು ನಾವು ಹೇಳುವಾಗ ಕಾಳಿನ ಬೆಲೆಯನ್ನಷ್ಟೇ ಎಣಿಸುತ್ತೇವೆ. ಆರಿಸುವ, ಹುರಿಯುವ, ಬೀಸುವ ಕೈಯ ಕೂಲಿಯನ್ನು ಯಾವ ಕಾಲದಲ್ಲೂ ಎಣಿಸಲಿಲ್ಲ. ಮಂಗರಸನ ಕಾಲದಿಂದ ಇಂದಿನವರೆಗೆ ಈ ಚರಿತ್ರೆಯಲ್ಲಿ ಬರೆಯದೆ ಬಿಟ್ಟ ಪುಟ ಇದೇ. ಒಂದು ಕೂಡುಮನೆಯಲ್ಲಿ ಅಜ್ಜಿ, ದೊಡ್ಡವ್ವ, ಚಿಗವ್ವಂದಿರು ಹಂಚಿಕೊಳ್ಳುತ್ತಿದ್ದ ಕೆಲಸ ಇಂದು ದುಡಿದು ದಣಿದ ಒಬ್ಬಳ ಮೇಲೆ ಬಿದ್ದಿದೆ. ಬಿಸ್ಕೀಟು ಗೆದ್ದದ್ದು ರುಚಿಯಿಂದ ಮಾತ್ರವಲ್ಲ, ಹೊತ್ತನ್ನು ಉಳಿಸುವುದರಿಂದ.

ಪರಿಹಾರವೂ ಅಲ್ಲಿಯೇ ಇದೆ. ಓಣಿಯ ನಾಲ್ಕಾರು ಮನೆಯವರು ತಿಂಗಳಿಗೊಮ್ಮೆ ಕೂಡಿ ಹುರಿದು ಗಿರಣಿಯಲ್ಲಿ ಬೀಸಿಸಿದರೆ ಒಬ್ಬಳ ದಿನದ ಕೆಲಸ ಎಲ್ಲರ ಗಳಿಗೆಯ ಕೆಲಸವಾಗುತ್ತದೆ. ತೂಕದಲ್ಲಿ ನಾಲ್ಕು ಪಾಲು ಗೋಧಿ ಅಥವಾ ಜೋಳಕ್ಕೆ ಒಂದೂವರೆ ಪಾಲು ಪುಟಾಣಿ, ಒಂದು ಪಾಲು ಶೇಂಗಾ ಸಾಕು. ಬಿಸಿನೀರಿನಲ್ಲೊ ಹಾಲಿನಲ್ಲೊ ಕಲಸಿದರೆ ತಿಂಡಿ ಸಿದ್ಧ. ಎರಡು ವರ್ಷದೊಳಗಿನ ಕೂಸಿಗೆ ಬೆಲ್ಲದ ಬದಲು ಬಾಳೆಹಣ್ಣನ್ನು ಕಿವುಚಿ ಹಾಕುವುದೇ ಮೇಲು. ಬೇಯಿಸಿ ಹಿಸುಕಿದ ಗೆಣಸು, ಖಾನಾಪುರದ ಕಡೆಯ ತೆಳು ಅವಲಕ್ಕಿಯನ್ನು ಮೊಸರಲ್ಲಿ ನೆನೆಸಿದ್ದು, ಬೆಂದ ಮೊಟ್ಟೆಯ ಅರ್ಧ, ಇವೂ ಕೈಗೆಟಕುವಂಥವೇ. ಆದರೆ ಇಡಿಯ ಶೇಂಗಾ, ಇಡಿಯ ಪುಟಾಣಿಯನ್ನು ನಾಲ್ಕು ವರ್ಷದೊಳಗಿನವರ ಕೈಗೆ ಕೊಡಬಾರದು. ಗಂಟಲಿಗೆ ಸಿಕ್ಕಿ ಪ್ರಾಣಕ್ಕೇ ಬಂದೀತು.

ಈ ಸಲದ ಪಂಚಮಿಯಲ್ಲಿ ನಮ್ಮ ಮನೆಯಲ್ಲಿ ಎರಡು ಸೇರು ಹೆಚ್ಚಿಗೆ ಹುರಿದೆವು. ಮೊರ ಹಿಡಿದು ಶೇಂಗಾ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ತಾಸಿಗೆ ಬೆನ್ನು ನೊಂದಿತು. ಇಷ್ಟು ವರ್ಷ ನಾನು ಪಾಠದಲ್ಲಿ ‘ಸೂಪಶಾಸ್ತ್ರ’ದ ಹೆಸರು ಹೇಳುತ್ತ ಬಂದಿದ್ದರೂ ಆ ನೋವಿನ ಪರಿಚಯ ನನಗಾದದ್ದು ಅಂದೇ.