ಸ್ತಂಭಶಬ್ದದ ಅರ್ಥವಿಚಾರ

ಸ್ತಂಭವೆಂದರೆ ಕಂಬವೆಂಬುದನ್ನು ಬಾಲಕರೂ ಬಲ್ಲರು. ಆದರೆ ವೈದ್ಯಗ್ರಂಥಗಳಲ್ಲಿ ಅದೇ ಶಬ್ದಕ್ಕೆ ಅಂಗಗಳ ಬಿಗಿತವೆಂದೂ, ನಾಟ್ಯಶಾಸ್ತ್ರದಲ್ಲಿ ಒಂದು ಸಾತ್ತ್ವಿಕಭಾವವೆಂದೂ, ಯೋಗಸೂತ್ರದಲ್ಲಿ ಉಸಿರಿನ ತಡೆಯೆಂದೂ ಅರ್ಥವುಂಟು. ಅಮರಸಿಂಹನು ಸ್ಥೂಣೆ, ಜಡೀಭಾವ ಎಂಬೆರಡು ಅರ್ಥಗಳನ್ನು ಹೇಳಿ ಇದನ್ನು ನಾನಾರ್ಥವರ್ಗದಲ್ಲಿ ಸೇರಿಸಿರುವನು. ಇದರಿಂದ ಈ ಅರ್ಥಗಳಿಗೆ ಪರಸ್ಪರ ಸಂಬಂಧವೇ ಇಲ್ಲವೆಂಬ ಭಾವನೆ ಓದುವವರಲ್ಲಿ ಹುಟ್ಟುವುದು ಸಹಜ. ಅದು ಎಷ್ಟರಮಟ್ಟಿಗೆ ಸರಿಯೆಂಬುದು ವಿಚಾರಣೀಯ.

ಧಾತುಪಾಠವು ಈ ಧಾತುವಿಗೆ ಹೇಳುವ ಅರ್ಥವೊಂದೇ, ಅದು ಪ್ರತಿಬಂಧ. ಬೀಳುವುದನ್ನು ತಡೆಯುವುದೂ ಪ್ರತಿಬಂಧವೇ, ಚಲಿಸುವುದನ್ನು ತಡೆಯುವುದೂ ಪ್ರತಿಬಂಧವೇ. ಋಗ್ವೇದದ ದೇವತೆಗಳು ದ್ಯುಲೋಕವನ್ನು ಬೀಳದಂತೆ ಎತ್ತಿ ನಿಲ್ಲಿಸುವುದು ಈ ಧಾತುವಿನಿಂದಲೇ. ಕನ್ನಡಿಗರಿಗೆ ಇದು ವಿಚಿತ್ರವಾಗಿ ತೋರಬೇಕಾದುದಿಲ್ಲ. ಮನೆಯನ್ನು ಕಟ್ಟುವುದೂ ಮೂಗು ಕಟ್ಟುವುದೂ ಒಂದೇ ಕ್ರಿಯಾಪದದಿಂದಲ್ಲವೆ? ಹಾವಿನ ಬಾಯಿ ಕಟ್ಟುವ ಮಂತ್ರವೆಂದು ಜನರು ಹೇಳುವುದು ತಾಂತ್ರಿಕರ ಷಟ್ಕರ್ಮಗಳಲ್ಲೊಂದಾದ ಸ್ತಂಭನವೇ.

ಈ ಐಕ್ಯವು ವೈದ್ಯದಲ್ಲಿ ಅತ್ಯಂತ ಸ್ಪಷ್ಟವಾಗಿದೆ. ಚರಕಸಂಹಿತೆಯ ಸೂತ್ರಸ್ಥಾನದ 22ನೆಯ ಅಧ್ಯಾಯದಲ್ಲಿ ಸ್ತಂಭನವು ಆರು ಉಪಕ್ರಮಗಳಲ್ಲಿ ಒಂದು. ವಾಂತಿ, ಅತಿಸಾರಗಳಂತೆ ಹರಿದುಹೋಗುವುದನ್ನು ನಿಲ್ಲಿಸುವ ಚಿಕಿತ್ಸೆ. ಅದು ಮಿತಿಮೀರಿದರೆ ಮೈ ಬಿಗಿಯುವುದು, ದವಡೆ ಹಿಡಿಯುವುದು, ಮಲ ನಿಲ್ಲುವುದು ಎಂದು ಅಲ್ಲಿಯೇ ಉಕ್ತವಾಗಿದೆ. ಚಿಕಿತ್ಸೆಯ ಹೆಸರೇ ಅತಿಯಾದಾಗ ರೋಗದ ಲಕ್ಷಣವಾಯಿತು! ಚಿಕಿತ್ಸಾಸ್ಥಾನದ 27ನೆಯ ಅಧ್ಯಾಯದ ಊರುಸ್ತಂಭವಾದರೋ ತೊಡೆಗಳು ಚಲನಶಕ್ತಿಯನ್ನು ಕಳೆದುಕೊಳ್ಳುವ ವ್ಯಾಧಿ. ಅದನ್ನು ‘ತೊಡೆಯ ಕಂಬ’ವೆಂದು ಬಗೆದವನಿಗೆ ಗ್ರಂಥವು ಅರ್ಥವಾಗಲಾರದು.

ನಾಟ್ಯದಲ್ಲಿ ಭರತನು ಎಂಟು ಸಾತ್ತ್ವಿಕಗಳಲ್ಲಿ ಸ್ತಂಭವನ್ನೂ ಪ್ರಲಯವನ್ನೂ ಬೇರೆಬೇರೆ ಎಣಿಸಿರುವನು. ಸ್ತಂಭದಲ್ಲಿ ಚೇಷ್ಟೆ ಮಾತ್ರ ತಡೆಯಲ್ಪಡುವುದು. ಪ್ರಲಯದಲ್ಲಿ ಅರಿವೂ ಹೋಗುವುದು. ಈ ಭೇದವನ್ನು 14ನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಸ್ಪಷ್ಟಪಡಿಸಿರುವನು. ಸ್ತಂಭವನ್ನು ಮೂರ್ಛೆಯೆಂದು ಅನುವಾದಿಸುವುದು ಆದಕಾರಣ ದೋಷವೇ ಸರಿ. ಪತಂಜಲಿಯ ಸ್ತಂಭವೃತ್ತಿಯಲ್ಲಿಯೂ ನಿಲ್ಲುವುದು ಶ್ವಾಸಪ್ರಶ್ವಾಸಗಳ ಗತಿಯೇ ಹೊರತು ಪ್ರಜ್ಞೆಯಲ್ಲ.

ಹೀಗೆ ಮೂಲಾರ್ಥವು ಒಂದೇ ಆದರೂ, ಆಡುವವರ ಕಿವಿಗೆ ಎರಡರ್ಥಗಳು ಬೇರೆಯಾಗಿದ್ದುವೆಂಬುದಕ್ಕೆ ವ್ಯಾಕರಣವೇ ಸಾಕ್ಷಿ. ಅವ ಎಂಬ ಉಪಸರ್ಗದ ಮುಂದೆ ಈ ಧಾತುವಿನ ಸಕಾರವು ಆಲಂಬನ, ಸಾಮೀಪ್ಯ ಎಂಬ ಅರ್ಥಗಳಲ್ಲಿ ಮಾತ್ರ ಷಕಾರವಾಗುವುದೆಂದು ಪಾಣಿನಿಯ ವಿಧಿ. ಊರಿ ನಿಂತವನು ಅವಷ್ಟಬ್ಧ. ಚಳಿಯಿಂದ ಮರಗಟ್ಟಿದವನು ಅವಸ್ತಬ್ಧ. ಈ ಎರಡನೆಯದು ಕಾಶಿಕೆಯ ಪ್ರತ್ಯುದಾಹರಣೆ. 12ನೆಯ ಶತಮಾನದ ಹೇಮಚಂದ್ರನ ಪ್ರಾಕೃತವ್ಯಾಕರಣದಲ್ಲಿ ಭೇದವು ಇನ್ನೂ ಮುಂದುವರಿದಿದೆ. ಮರದ ಕಂಬಕ್ಕೆ ಖಂಭ ಎಂಬ ರೂಪವಿರಬಹುದು. ಅಸ್ಪಂದಾರ್ಥದಲ್ಲಾದರೋ ಥಂಭ ಅಥವಾ ಠಂಭ ಮಾತ್ರವೇ. ಅಮರನು ಒಂದು ಶಬ್ದದ ಕೆಳಗೆ ಬರೆದುದನ್ನು ಪ್ರಾಕೃತವು ಎರಡು ಶಬ್ದಗಳನ್ನಾಗಿ ಒಡೆಯಿತು.

ಕನ್ನಡದ ಕಂಬವು ಖಂಭದ ವಂಶಕ್ಕೆ ಸೇರಿದುದು. ಅದಕ್ಕೆ ಜಡತ್ವದ ಅರ್ಥವು ಬರಲಿಲ್ಲ. ಆ ಅರ್ಥಕ್ಕೆ ಸ್ತಂಭೀಭೂತನೆಂಬ ತತ್ಸಮವನ್ನು ಪಂಡಿತರು ಉಳಿಸಿಕೊಂಡರು. ಜನರು ಮರಗಟ್ಟು ಎಂದರು; ಅದರಲ್ಲಿ ಮರವೂ ಇದೆ, ಕಟ್ಟೂ ಇದೆ.